ಅರಗು ಹಾಕಿದ ತಿರುಪು

"ಅಮ್ಮ, ದೂರದ ಗುರಿಗೆ ಕೋವಿಯ ಮೇಲೆ ಕೂರಿಸಲು ಯಾವ ದುರ್ಬೀನು ಕೊಳ್ಳಲಿ?" ಎಂದು ಶಿಷ್ಯ ಕೇಳಿದ.

ಅವನ ಹೆಗಲಿನಲ್ಲಿ ಕೋವಿ ಇತ್ತು. ಬಂದವನು ಅದನ್ನು ಇಳಿಸದೆ ಹಾಗೆಯೇ ಕುಳಿತಿದ್ದ. "ನನ್ನ ಬಳಿ ಮೂರು ಬಗೆಯ ತೋಟಾ ಇವೆ. ಹಗುರ ಗುಂಡಿನದು, ನಡುವಿನದು, ಭಾರದ್ದು. ಮೂರಕ್ಕೂ ಹೊಂದುವ ದುರ್ಬೀನು ಬಂದಿದೆಯಂತೆ. ಮೇಲಿನ ತಿರುಪನ್ನು ತಿರುಗಿಸಿದರೆ ಸಾಕಂತೆ. ನಿಮ್ಮದರಲ್ಲಿ ಅದೂ ಆಗುವುದಿಲ್ಲ" ಎಂದು ಗೋಡೆಯ ಕಡೆ ನೋಡಿ ನಕ್ಕ. ಗೋಡೆಗೆ ತೂಗುಹಾಕಿದ್ದ ಹಳೆಯ ಕೋವಿಯ ದುರ್ಬೀನಿನ ತಿರುಪಿಗೆ ಕೆಂಪು ಅರಗು ಕರಗಿಸಿ ಸುರಿದಿತ್ತು. ಅದು ಇನ್ನು ತಿರುಗುವಂತಿರಲಿಲ್ಲ.

ಗುರುವಾದ ಮುದುಕಿ ನಗಲಿಲ್ಲ. ಒಂದು ಕತೆ ಹೇಳಿದಳು.

ಒಂದು ಊರಿನಲ್ಲಿ ಒಬ್ಬ ಹೆಂಗಸಿದ್ದಳು. ಮೂರು ತೋಟಾದ ಕೆಲಸ ನಿನ್ನಿಂದ ಆಗದು ಎಂದು ಅವಳಿಗೆ ಮೊದಲು ಹೇಳಿದವನು ಅವಳ ಭಾವ, ಗಂಡನ ಅಣ್ಣ. ಊರಿನ ಕೋವಿ ಇಪ್ಪತ್ತು ವರ್ಷ ಅವನ ಕೈಯಲ್ಲಿತ್ತು. ಅವಳು ಅವನ ಹಿಂದೆ ತೋಟಾ ಚೀಲ ಹೊತ್ತು ನಡೆದವಳು. ಗುರಿ ಹಿಡಿಯುವುದನ್ನು ನೋಡಿಯೇ ಕಲಿತಳು. ಶಾಲೆಗೆ ಹೋದವಳಲ್ಲ, ಆದರೆ ತೋಟಾ ಡಬ್ಬಿಗಳ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿಕೊಂಡು ಓದನ್ನೂ ಕಲಿತಳು.

ಭಾವನ ಕಣ್ಣಿಗೆ ಪೊರೆ ಬಂತು. ಅದೇ ವರ್ಷ ಒಂದು ಚಿರತೆ ಮನುಷ್ಯರನ್ನು ಹಿಡಿಯುವ ಅಭ್ಯಾಸ ಮಾಡಿಕೊಂಡಿತು. ಹುಲ್ಲಿಗೆ ಹೋದ ಇಬ್ಬರು ಮನೆಗೆ ಬರಲಿಲ್ಲ. ಅದನ್ನು ಹೊಡೆಯಲು ಅಪ್ಪಣೆ ಸಿಕ್ಕಿತು, ಹೊಡೆಯುವವರು ಸಿಗಲಿಲ್ಲ. ಹೆಂಗಸು ತಾನು ಹೊಡೆಯುತ್ತೇನೆ ಎಂದಳು. ಎರಡು ಎಮ್ಮೆ ಮಾರಿ ಪೇಟೆಯಿಂದ ಒಂದು ದುರ್ಬೀನು ತಂದಳು. ಅದರ ತಿರುಪಿನ ಮೇಲೆ ಮೂರು ಬಗೆಯ ತೋಟಾಗಳಿಗೆ ಮೂರು ಗುರುತು ಇದ್ದವು.

ಭಾವ ಅದನ್ನು ಬೆರಳಿನಿಂದ ಸವರಿ ನೋಡಿದ. "ಇದೇನಮ್ಮಾ ಇಷ್ಟೊಂದು ಗೆರೆ? ಒಂದೇ ಬಗೆಯ ತೋಟಾ ಇಟ್ಟುಕೊ. ಮೂರನ್ನು ನೀನು ನಿಭಾಯಿಸಲಾರೆ."

"ಮೂರು ಒಲೆಯ ಮೇಲೆ ಮೂರು ಪಾತ್ರೆ ಇಟ್ಟು ಒಂದೂ ಉಕ್ಕದ ಹಾಗೆ ನೋಡಿಕೊಳ್ಳುವವಳು ನಾನು, ಭಾವ. ಮೂರು ತೋಟಾ ಏನು ಮಹಾ?"

"ಪಾತ್ರೆ ಉಕ್ಕಿದರೆ ಒರೆಸಿದರಾಯಿತು" ಎಂದ ಅವನು.

ಆ ಮಾತು ಅವಳಿಗೆ ನಾಟಿತು. ಒಂದು ತಿಂಗಳು ಅವನೊಡನೆ ಮಾತು ಬಿಟ್ಟಳು. ದಿನವೂ ಕಣಿವೆಯ ಆಚೆಯ ಬಿಳಿ ಕಲ್ಲಿಗೆ ಗುರಿ ಇಟ್ಟಳು. ದೂರ ಹೋದಷ್ಟೂ ಗುಂಡು ಕೆಳಗೆ ಇಳಿಯುತ್ತದೆ. ಹಗುರ ಗುಂಡು ಕಡಿಮೆ ಇಳಿಯುತ್ತದೆ, ಭಾರದ್ದು ಹೆಚ್ಚು. ನಾನೂರು ಗಜದಲ್ಲಿ ಎರಡಕ್ಕೂ ಒಂದು ಮೊಳದ ಅಂತರ. ಅವಳು ತೋಟಾ ಬದಲಿಸುವಳು, ತಿರುಪು ತಿರುಗಿಸುವಳು, ಹೊಡೆಯುವಳು. ಮೂರೂ ಕಲ್ಲಿಗೆ ತಗುಲುತ್ತಿದ್ದವು. ಭಾವನಿಗೆ ಕೇಳಲಿ ಎಂದೇ ಅವಳು ಅಂಗಳದಲ್ಲಿ ನಿಂತು ಯಾವ ತೋಟಾಗೆ ಎಷ್ಟು ಇಳಿತ ಎಂದು ಲೆಕ್ಕ ಕೂಗಿ ಹೇಳುತ್ತಿದ್ದಳು.

ಒಂದು ಬೆಳಗ್ಗೆ ಅವಳು ಹಗುರ ತೋಟಾದಲ್ಲಿ ಅಭ್ಯಾಸ ಮಾಡುತ್ತಿದ್ದಾಗ, ಚಿರತೆ ಆಚೆ ಗುಡ್ಡದಲ್ಲಿದೆ ಎಂಬ ಕೂಗು ಬಂತು. ಅವಳು ಓಡಿದಳು. ಓಡುತ್ತಲೇ ಚೀಲಕ್ಕೆ ಕೈ ಹಾಕಿದಳು, ಕೋವಿಗೆ ತೋಟಾ ತುಂಬಿದಳು. ಕಣಿವೆಯ ಅಂಚಿನಲ್ಲಿ ಬೋರಲಾಗಿ ಮಲಗಿ ದುರ್ಬೀನಿಗೆ ಕಣ್ಣಿಟ್ಟಳು.

ಬಿಳಿ ಕಲ್ಲಿನಷ್ಟೇ ದೂರದಲ್ಲಿ, ನಾನೂರು ಗಜದಾಚೆ, ಚಿರತೆ ಬಂಡೆಯ ಮೇಲೆ ಹೊಟ್ಟೆ ಒತ್ತಿ ಮಲಗಿತ್ತು. ಬಂಡೆಯ ಬುಡಕ್ಕೆ ಬೆನ್ನು ಕೊಟ್ಟು, ಕಟ್ಟಿಗೆಯ ಹೊರೆ ಪಕ್ಕಕ್ಕಿಟ್ಟು, ಒಬ್ಬ ಮನುಷ್ಯ ಕುಳಿತಿದ್ದ; ಆ ಕೂಗು ಅವನಿಗೆ ಮುಟ್ಟಿರಲಿಲ್ಲ. ಅವನ ರುಮಾಲು ಚಿರತೆಯ ಎದೆಯಿಂದ ಒಂದು ಮೊಳ ಕೆಳಗಿತ್ತು. ರುಮಾಲಿನ ಹರಿದ ಅಂಚೂ ಅವಳಿಗೆ ಕಂಡಿತು. ಅದನ್ನು ಹೊಲಿದುಕೊಡು ಎಂದು ಭಾವ ಎರಡು ಸಲ ಕೇಳಿದ್ದ. ಅವಳು ಕೇಳಿಸದ ಹಾಗೆ ಇದ್ದಳು.

ಕೂಗಿದರೆ ಭಾವ ಎದ್ದು ನಿಲ್ಲುವನು, ತಲೆ ಅದರ ಬಾಯಿಗೇ ಹೋಗುವುದು. ಮೇಲಕ್ಕೆ ಹೊಡೆದು ಬೆದರಿಸಿದರೆ ಅದು ಕೆಳಗೆ ಹಾರುವುದು. ಎದೆಗೇ ಹೊಡೆಯಬೇಕು. ಅವಳು ಕೋವಿಯ ಕುದುರೆ ಎಳೆಯಲು ಬೆರಳು ತಂದಳು.

ಆಗ ಅವಳಿಗೆ ಹೆದರಿಕೆಯಾಯಿತು.

ತಿರುಪು ಹಗುರ ತೋಟಾದ ಗುರುತಿನಲ್ಲಿತ್ತು. ಕೋವಿಯೊಳಗೆ ಇರುವುದು ಯಾವುದು? ಹಗುರದ್ದಾದರೆ ಗುಂಡು ಚಿರತೆಗೆ. ಭಾರದ್ದಾದರೆ ಒಂದು ಮೊಳ ಕೆಳಗೆ, ರುಮಾಲಿಗೆ. ಕೈ ಚೀಲದ ಯಾವ ಅರೆಗೆ ಹೋಗಿತ್ತು? ನೆನಪಾಗಲಿಲ್ಲ. ತಿಂಗಳಿಡೀ ಕೂಗಿ ಹೇಳಿದ ಲೆಕ್ಕದಲ್ಲಿ ಒಂದೂ ನೆನಪಾಗಲಿಲ್ಲ. ದುರ್ಬೀನು ಎಲ್ಲವನ್ನೂ ತೋರಿಸುತ್ತಿತ್ತು. ಚಿರತೆಯ ಮೀಸೆ ತೋರಿಸುತ್ತಿತ್ತು, ಭಾವ ಕಡ್ಡಿಯಿಂದ ಹಲ್ಲು ಚುಚ್ಚಿಕೊಳ್ಳುವುದನ್ನು ತೋರಿಸುತ್ತಿತ್ತು. ಅವಳ ಕೆನ್ನೆಯ ಕೆಳಗೇ ಇದ್ದದ್ದನ್ನು ಮಾತ್ರ ತೋರಿಸಲಿಲ್ಲ.

ಚಿರತೆಯ ಆಡುತ್ತಿದ್ದ ಬಾಲದ ತುದಿ ನಿಂತಿತು.

ಅವಳು ಹೊಡೆಯಲಿಲ್ಲ. ಕೋವಿ ತೆರೆದು ನೋಡಿದಳು. ಒಳಗಿದ್ದದ್ದು ಭಾರದ ತೋಟಾ. ಮತ್ತೆ ಮುಚ್ಚಿ ತಿರುಪಿಗೆ ಕೈ ಹಾಕಿದಳು. ಬೆರಳು ಬೆವೆತು ಜಾರಿತು. ಎರಡನೆಯ ಸಲ ಹಿಡಿದು ಭಾರದ ಗುರುತಿಗೆ ತಂದಳು. ಕಣ್ಣಿಟ್ಟಾಗ ಬಂಡೆಯ ಮೇಲೆ ಏನೂ ಇರಲಿಲ್ಲ.

ಬಂಡೆಯ ಬುಡದಲ್ಲಿ ಚಿರತೆ ಭಾವನ ಬಲತೋಳನ್ನು ಕಚ್ಚಿ ಎಳೆಯುತ್ತಿತ್ತು. ಅವಳು ಹೊಡೆದಳು. ಗುಂಡು ಗುರಿ ಇಟ್ಟಲ್ಲಿಗೇ ಹೋಯಿತು. ಚಿರತೆ ಸತ್ತಿತು. ಭಾವ ಉಳಿದ, ತೋಳು ಉಳಿಯಲಿಲ್ಲ.

ಗಾಯ ಮಾಯ್ದ ಮೇಲೆ ಅವನು ಅವಳನ್ನು ಕೇಳಿದ, "ಆ ದಿನ ಯಾಕಮ್ಮಾ ಅಷ್ಟು ತಡ?"

ಅವಳು ನಡೆದದ್ದನ್ನೆಲ್ಲ ಹೇಳಿದಳು. ಅವನು ಎಡಗೈಯಿಂದ ರುಮಾಲು ಸುತ್ತಿದ ತನ್ನ ತಲೆಯನ್ನೊಮ್ಮೆ ಮುಟ್ಟಿ ನೋಡಿಕೊಂಡ.

ಅವಳು ಹಗುರ ತೋಟಾಗಳನ್ನೂ ನಡುವಿನವನ್ನೂ ಕೆರೆಗೆ ಎಸೆದಳು. ತಿರುಪನ್ನು ಭಾರದ ಗುರುತಿಗೆ ತಂದು ಅರಗು ಸುರಿದಳು. ಭಾವ ಇರುವವರೆಗೂ ಎರಡು ಹೊತ್ತೂ ಅವನಿಗೆ ಅನ್ನ ಕಲಸಿಕೊಟ್ಟಳು. ಈಗ ಅವಳ ಬಳಿ ಒಂದು ಕೋವಿ ಇದೆ, ಒಂದು ದುರ್ಬೀನು ಇದೆ, ಒಂದೇ ಬಗೆಯ ತೋಟಾ ಇದೆ. ಇಷ್ಟಕ್ಕೆ ಬಿದ್ದ ಬೆಲೆ ಎರಡು ಎಮ್ಮೆ, ಒಂದು ಬಲಗೈ. ಕೈ ಅವಳದಲ್ಲ.

ಕತೆ ಮುಗಿಯಿತು. ಶಿಷ್ಯ ಗೋಡೆಯ ಮೇಲಿನ ಕೆಂಪು ಅರಗನ್ನು ಮತ್ತೊಮ್ಮೆ ನೋಡಿದ. ಈ ಸಲ ನಗಲಿಲ್ಲ.

"ಹಾಗಾದರೆ ನಾನು ಯಾವುದನ್ನು ಕೊಳ್ಳಲಿ, ಅಮ್ಮ?" ಎಂದು ಮೆಲ್ಲಗೆ ಕೇಳಿದ.

"ನಿನ್ನ ಹೆಗಲಿನ ಕೋವಿಯೊಳಗೆ ಈಗ ಯಾವ ತೋಟಾ ಇದೆ, ನೋಡದೆ ಹೇಳು" ಎಂದಳು ಗುರು.