ಗಂಟೆ ಕೇಳಿಸದ ಊರು

"ಗುರುಗಳೇ, ಹೊಸ ಯಂತ್ರ ಕಟ್ಟುವವರು ಲೋಕಕ್ಕೆ ದೊಡ್ಡ ದೊಡ್ಡ ಮಾತು ಕೊಡುತ್ತಾರೆ. ಆ ಮಾತು ಎಂದಾದರೂ ಉಳಿಯುವುದುಂಟೇ?"

ಕೇಳಿದವನು ರುದ್ರೇಶ. ಮಠಕ್ಕೆ ಅವನು ಹೊಸಬನಲ್ಲ. ಚಿಕ್ಕಂದಿನಲ್ಲಿ ಇಲ್ಲಿಯೇ ಉಂಡು ಓದಿದವನು. ಆಮೇಲೆ ಗೆಳೆಯರ ಜೊತೆ ಸೇರಿ ಒಂದು ಕಂಪನಿ ಕಟ್ಟಿದ್ದ. ಅಂಗೈಯಗಲದ ಒಂದು ಪೆಟ್ಟಿಗೆ ಮಾಡಿದ್ದರು. ರೋಗಿ ಅದರ ಮೇಲೆ ಬೆರಳಿಟ್ಟರೆ ಸಾಕು, ದೂರದ ಡಾಕ್ಟರಿಗೆ ಸುದ್ದಿ ಮುಟ್ಟುತ್ತದೆ, ಕೂತಲ್ಲೇ ಉತ್ತರ ಬರುತ್ತದೆ ಎಂದಿದ್ದರು. ಇನ್ನು ಮೇಲೆ ಡಾಕ್ಟರಿಲ್ಲದ ಊರೇ ಇರುವುದಿಲ್ಲ ಎಂದೂ ಹೇಳಿದ್ದರು. ಬಯಲಿನ ಊರುಗಳಲ್ಲಿ ಪೆಟ್ಟಿಗೆ ಹೇಳಿದಂತೆ ನಡೆಯಿತು. ಬೆಟ್ಟದಾಚೆಯ ಊರುಗಳಲ್ಲಿ ಸಿಗ್ನಲ್ ಸಿಗದೆ ಮೂಕವಾಗಿ ಕೂತಿತು. ಗೆಳೆಯರಲ್ಲಿ ಒಬ್ಬ ಬಾಗಿಲು ಮುಚ್ಚೋಣ ಅಂದ. ಇನ್ನೊಬ್ಬ, ಸುಮ್ಮನಿರು, ಇದಕ್ಕಿಂತ ದೊಡ್ಡದನ್ನು ಮಾಡುತ್ತೇವೆ ಎಂದು ಸಾರಿಬಿಡೋಣ ಅಂದ. ರುದ್ರೇಶ ಇಬ್ಬರನ್ನೂ ಬಿಟ್ಟು ಬಟ್ಟೆಯ ಚೀಲ ಹಿಡಿದು ಮಠಕ್ಕೆ ಬಂದಿದ್ದ. ಇನ್ನು ಇಲ್ಲಿಯೇ ಇದ್ದುಬಿಡುತ್ತೇನೆ ಎಂದು ಆ ಬೆಳಿಗ್ಗೆ ಹೇಳಿದ್ದ.

ಗುರುಗಳು ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಅರ್ಧ ರಾಶಿಯನ್ನು ಅವನ ಕಡೆ ತಳ್ಳಿದರು.

"ಇರೋದಾದ್ರೆ ಇರಪ್ಪ. ಆದ್ರೆ ಇಲ್ಲಿ ಕೈ ಸುಮ್ಮನಿದ್ರೆ ಊಟ ಇಲ್ಲ. ಸುಲೀತಾ ಕೇಳು" ಎಂದು ಕತೆ ಹೇಳತೊಡಗಿದರು.

ಒಂದು ಹೊಳೆ. ಅದರ ದಂಡೆಯ ಉದ್ದಕ್ಕೂ ಸಣ್ಣ ಸಣ್ಣ ಊರುಗಳು. ಆ ಹೊಳೆಗೆ ಒಂದು ಕೆಟ್ಟ ಗುಣವಿತ್ತು. ಮಳೆ ಮೇಲಿನ ಬೆಟ್ಟದಲ್ಲಿ ಬೀಳುತ್ತಿತ್ತು, ಕೆಳಗೆ ಬಿಸಿಲು ಇರುತ್ತಿತ್ತು. ಮಕ್ಕಳು ಮರಳಿನಲ್ಲಿ ಆಡುತ್ತಿರುವಾಗಲೇ ನೀರು ಏರಿ ಬರುತ್ತಿತ್ತು. ಬಂದದ್ದು ತಿಳಿಯುವಷ್ಟರಲ್ಲಿ ಎಲ್ಲ ಮುಗಿದುಹೋಗಿರುತ್ತಿತ್ತು. ಪ್ರತಿ ಊರಿನಲ್ಲೂ ಹಾಗೆ ಕಳೆದುಕೊಂಡವರು ಇದ್ದರು.

ಆ ಸೀಮೆಯಲ್ಲಿ ಒಬ್ಬ ಕಂಚುಗಾರನಿದ್ದ. ಕೈಯಲ್ಲಿ ಕಸುಬಿತ್ತು, ಎದೆಯಲ್ಲಿ ಆಸೆಯಿತ್ತು, ಬಾಯಿ ಎರಡಕ್ಕಿಂತಲೂ ದೊಡ್ಡದಿತ್ತು. ಅವನು ಊರೂರು ತಿರುಗಿ ಹೇಳಿದ: "ಹೊಳೆ ಬೆಟ್ಟ ಇಳಿಯೋ ಜಾಗದಲ್ಲಿ ಒಂದು ಗಂಟೆ ಕಟ್ಟೋಣ. ಇಲ್ಲೀತನಕ ಯಾರೂ ಎರಕ ಹೊಯ್ಯದಂಥ ಗಂಟೆ. ನೀರು ಏರಿದ ಕೂಡಲೇ ಕಾವಲಿನವನು ಬಾರಿಸ್ತಾನೆ. ಕಡೇ ಊರಿನ ಕಡೇ ಮನೆಯ ಕೂಸಿಗೂ ಅದು ಕೇಳಿಸ್ತದೆ. ಇದು ನನ್ನ ಮಾತು."

ಅವನು ಮೋಸಗಾರನಲ್ಲ, ತಿಳಿದಿರು. ಹೇಳುವಾಗ ಅವನ ಕಣ್ಣಲ್ಲಿ ನೀರಿತ್ತು. ತಾನು ಆಡಿದ ಮಾತನ್ನು ಎಲ್ಲರಿಗಿಂತ ಮೊದಲು ನಂಬಿದವನು ಅವನೇ.

ಜನ ಮನೆಯಲ್ಲಿದ್ದ ಕಂಚು ತಂದರು. ಒಡೆದ ಬಟ್ಟಲು, ಮುರಿದ ಗೆಜ್ಜೆ, ಸೊಟ್ಟಗಾದ ತಾಟು. ಕಡೆಯ ಊರು ಒಂದು ಗುಡ್ಡದ ಮರೆಯಲ್ಲಿತ್ತು. ಅಲ್ಲಿಯ ಒಬ್ಬ ಅಜ್ಜಿ ಸೆರಗಿನೊಳಗಿಂದ ಒಂದು ಒಳಲೆ ತೆಗೆದಳು. ಕೂಸಿಗೆ ಹಾಲು ಕುಡಿಸುವ ಪುಟ್ಟ ಕಂಚಿನ ಒಳಲೆ. ಅವಳಿಗೆ ಒಂದೇ ಕೂಸು ಇತ್ತು. ಅದನ್ನು ಬಹಳ ಹಿಂದೆ ಹೊಳೆ ಕೊಂಡೊಯ್ದಿತ್ತು. ಒಳಲೆ ಮಾತ್ರ ಉಳಿದಿತ್ತು.

ಕಂಚುಗಾರ ಕೈ ಚಾಚಲಿಲ್ಲ. "ಇದು ಬೇಡ ಅಜ್ಜಿ, ನೀನೇ ಇಟ್ಕೋ" ಅಂದ.

"ಮನೇಲಿದ್ರೆ ನನ್ನನ್ನ ಅಳಿಸ್ತದೆ, ಅಷ್ಟೇ ಮಗಾ. ಗಂಟೇಲಿದ್ರೆ ಇನ್ನೊಬ್ಬಳ ಕೂಸನ್ನ ಉಳಿಸೀತು. ತಗೋ."

ಅವನು ತೆಗೆದುಕೊಂಡ. ಕುಲುಮೆ ಉರಿಯಿತು, ಎರಕ ಹೊಯ್ದಾಯಿತು. ಗಂಟೆ ಒಂದು ಬಿರುಕೂ ಇಲ್ಲದೆ ಅಚ್ಚಿನಿಂದ ಹೊರಬಂತು. ಕಂಚುಗಾರ ಅದನ್ನು ತಬ್ಬಿಕೊಂಡು ನಿಂತನಂತೆ. ಅದರಲ್ಲಿ ನಗುವಂಥದ್ದೇನೂ ಇಲ್ಲ.

ಆ ಸೀಮೆಯಲ್ಲಿ ಒಂದು ಪದ್ಧತಿ. ಗಂಟೆಗೆ ಲೋಹ ಕೊಟ್ಟವರು ಅದರ ಮೊದಲ ನಾದವನ್ನು ಬುಡದಲ್ಲೇ ನಿಂತು ಕೇಳಬೇಕು. ಅದು ಅವರ ಹಕ್ಕು. ಲೋಹ ಕೊಡದ ಮನೆಯೇ ಇರಲಿಲ್ಲ. ಆದ್ದರಿಂದ ಆ ದಿನ ಎಲ್ಲ ಊರುಗಳ ಎಲ್ಲ ಜನ ಬೀಗ ಹಾಕಿಕೊಂಡು ಬೆಟ್ಟದ ಬುಡಕ್ಕೆ ಹೋದರು. ಗಂಟೆ ಬಾರಿಸಿದರು. ನಿಂತವರ ಎದೆ ನಡುಗಿತು, ಹಲವರು ಕಿವಿ ಮುಚ್ಚಿಕೊಂಡರು. "ಅಬ್ಬಾ! ಇದು ಏಳು ಸಮುದ್ರದಾಚೆಗೂ ಕೇಳ್ತದೆ" ಅಂದರು. ಕಂಚುಗಾರನಿಗೆ ಹಾರ ಹಾಕಿದರು.

ಗುರುಗಳು ಇಲ್ಲಿ ತಾವೇ ನಕ್ಕರು. "ಗಂಟೆ ಊರಿಗೆ ಕೇಳಿಸುತ್ತದೆಯೇ ಎಂದು ನೋಡಬೇಕಾದ ದಿನ ಊರಿನಲ್ಲಿ ಒಂದು ಕಿವಿಯೂ ಇರಲಿಲ್ಲ. ಎಲ್ಲರೂ ಗಂಟೆಯ ಕೆಳಗಿದ್ದರು! ಜಾಣರೇ ಸ್ವಾಮಿ, ಎಲ್ಲ ಜಾಣರೇ."

ಹಾಗೆ ನೋಡಿದರೆ ಒಬ್ಬಳು ಇದ್ದಳು. ಒಳಲೆ ಕೊಟ್ಟ ಅಜ್ಜಿಗೆ ಮಂಡಿ ನೋವು, ಅಷ್ಟು ದೂರ ನಡೆಯಲಾರಳು. ಕಂಚುಗಾರ ಸಂಜೆ ಬೆಲ್ಲ ಕೊಬ್ಬರಿ ಕಟ್ಟಿಕೊಂಡು ಅವಳ ಮನೆಗೆ ಬಂದ. ತನ್ನ ಗಂಟೆಯ ಹೊಗಳಿಕೆಯನ್ನು ಅವಳ ಬಾಯಿಂದ ಕೇಳಬೇಕೆಂಬುದು ಅವನ ಆಸೆ.

ಅಜ್ಜಿ ಹೊಸ್ತಿಲ ಮೇಲೆ ಕೂತಿದ್ದಳು. ಒಲೆ ಹಚ್ಚಿರಲಿಲ್ಲ. ಎಲ್ಲಿ ಸದ್ದು ಮಾಡಿಯಾವೋ ಎಂದು ಕೋಳಿಗಳನ್ನೆಲ್ಲ ಬುಟ್ಟಿಯಡಿ ಮುಚ್ಚಿಟ್ಟಿದ್ದಳು. ಅವನನ್ನು ಕಂಡು ಕೇಳಿದಳು:

"ಯಾಕೆ ಮಗಾ, ಇನ್ನೂ ಬಾರಿಸಿಲ್ವಾ? ಬೆಳಿಗ್ಗೆಯಿಂದ ಕಾಯ್ತಾ ಕೂತಿದ್ದೀನಿ."

ಕಂಚುಗಾರ, ಮುದುಕಿಯ ಕಿವಿ ಮಂದವಿರಬೇಕು ಎಂದುಕೊಂಡ. ಆದರೆ ಅವಳು, "ಬಿದಿರ ಮೆಳೆ ದಾಟುವಾಗಲೇ ನಿನ್ನ ಕೆಮ್ಮು ಕೇಳ್ತು. ಕಷಾಯ ಮಾಡ್ಲಾ?" ಎಂದಳು. ಆ ಸಮಾಧಾನವೂ ಹೋಯಿತು.

"ನಾಳೆ ಬಾರಿಸ್ತೀವಜ್ಜಿ" ಅಂದ. ಸುಳ್ಳು. ದೊಡ್ಡ ಮಾತು ಕೊಟ್ಟವರ ಹತ್ತಿರ ಇಂಥ ಪುಟ್ಟ ಸುಳ್ಳುಗಳು ಯಾವಾಗಲೂ ಸಿದ್ಧವಿರುತ್ತವೆ. ಕೊಬ್ಬರಿಯ ಗಂಟನ್ನು ಅಲ್ಲೇ ಇಟ್ಟು ಎದ್ದು ಹೋದ.

ಮಾರನೆಯ ದಿನ ನೆತ್ತಿಗೆ ಬಿಸಿಲು ಬಂದಾಗ ಬಾರಿಸು ಎಂದು ಕಾವಲಿನವನಿಗೆ ಹೇಳಿ ತಾನು ಅಜ್ಜಿಯ ಅಂಗಳದಲ್ಲಿ ಬಂದು ನಿಂತ. ನೆರಳು ಕಾಲಡಿಗೆ ಬಂತು. ಅಜ್ಜಿ ಉಸಿರು ಬಿಗಿಹಿಡಿದು ಕೂತಳು. ಹೊಳೆಯ ಸದ್ದು ಕೇಳಿಸಿತು. ಬುಟ್ಟಿಯೊಳಗೆ ಕೋಳಿ ಗೊಣಗಿದ್ದು ಕೇಳಿಸಿತು. ಬೇರೇನೂ ಇಲ್ಲ. ನೆರಳು ಪೂರ್ವಕ್ಕೆ ಸರಿಯಿತು.

"ಕೇಳಿಸಲ್ಲ ಅಜ್ಜಿ" ಅಂದ ಅವನು. "ನಿನ್ನೇನೇ ಬಾರಿಸಿದ್ವಿ. ನನ್ನ ಮಾತು ನಿನ್ನ ಮನೆಗೆ ಮುಟ್ಟಲಿಲ್ಲ. ನಿನ್ನ ಒಳಲೆ ಸುಮ್ಮನೆ ಕರಗಿಸಿಬಿಟ್ಟೆ."

ಅವಳು ಬಯ್ಯಲಿಲ್ಲ. ಬೈದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಹೊಳೆಯ ಕಡೆ ನೋಡಿ, "ಹಂಗಾದ್ರೆ ಎಲ್ಲೀತನಕ ಮುಟ್ಟಿದೆ ಮಗಾ?" ಎಂದು ಕೇಳಿದಳು.

ಅದನ್ನು ಅವನು ನೋಡಿಯೇ ಇರಲಿಲ್ಲ.

ಸುದ್ದಿ ಊರುಗಳಿಗೆ ಹಬ್ಬಿತು. ಪಂಚಾಯಿತಿ ಸೇರಿತು. ಮಿಕ್ಕ ಊರಿನವರು ತಮ್ಮ ತಮ್ಮ ಮನೆಯಲ್ಲಿ ಕಿವಿಗೊಟ್ಟು ನೋಡಿದ್ದರು. ಅವರಿಗೆಲ್ಲ ಗಂಟೆ ಚೆನ್ನಾಗಿಯೇ ಕೇಳಿಸಿತ್ತು. ಒಂದು ಊರಿಗೆ ಕೇಳದಿದ್ದರೆ ಏನಾಯಿತು ಎಂದರು ಅವರು. ಕಡೆಯ ಊರಿನವರು ಗಂಟೆಯನ್ನು ಒಡೆದು ನಮ್ಮ ಕಂಚು ನಮಗೆ ಕೊಡಿ ಎಂದರು. ಯಾರೋ, ಇದರ ಎರಡರಷ್ಟು ದೊಡ್ಡ ಗಂಟೆ ಮಾಡೋಣ ಎಂದರು. ಆ ಮಾತಿಗೆ ಕಂಚುಗಾರನ ಮುಖ ಅರಳಿತು. ಹೊಸ ಗಂಟೆಯ ಕನಸು ಹಳೆಯ ಗಂಟೆಯ ಕೊರತೆಗಿಂತ ಯಾವಾಗಲೂ ಸಿಹಿ. ಅಚ್ಚಿನ ಅಳತೆಯನ್ನು ಅವನು ಮನಸ್ಸಿನಲ್ಲೇ ಹಾಕತೊಡಗಿದ.

ಆದರೆ ಬೆಟ್ಟದ ಮೇಲೆ ಮೋಡ ಕಟ್ಟುತ್ತಿತ್ತು. ಹೊಸ ಗಂಟೆ ಆಗುವವರೆಗೆ ಹೊಳೆ ಕಾಯುವುದಿಲ್ಲ. ಅಜ್ಜಿಯ ಪ್ರಶ್ನೆ ಅವನನ್ನು ಕೂರಗೊಡಲಿಲ್ಲ.

ಗಂಟೆಯನ್ನು ನಿಲ್ಲಿಸದೆ ಬಾರಿಸುತ್ತಿರು ಎಂದು ಕಾವಲಿನವನಿಗೆ ಹೇಳಿಕಳುಹಿಸಿದ. ತಾನು ಅಜ್ಜಿಯ ಮನೆಯಿಂದ ಗಂಟೆಯ ಕಡೆಗೆ ನಡೆಯುತ್ತ ಹೊರಟ. ಮೆಳೆ ದಾಟಿದ, ಇಲ್ಲ. ಗುಡ್ಡ ಹತ್ತತೊಡಗಿದ, ಇಲ್ಲ. ಗುಡ್ಡದ ನೆತ್ತಿಯಲ್ಲಿ ಒಂದು ಹೊಂಗೆಮರ ಇತ್ತು. ಅದರ ಹತ್ತಿರ ಬಂದಾಗ ಸಣ್ಣಗೆ, ಯಾರೋ ದೂರದಲ್ಲಿ ಹೆಸರು ಹಿಡಿದು ಕರೆದಷ್ಟು ಸಣ್ಣಗೆ ಕೇಳಿಸಿತು. ಒಂದು ಹೆಜ್ಜೆ ಹಿಂದಿಟ್ಟರೆ ಇಲ್ಲ. ಮುಂದಿಟ್ಟರೆ ಇದೆ. ತಾನು ಲೋಕಕ್ಕೆ ಕೊಟ್ಟ ಮಾತು ಇಲ್ಲಿಗೆ ನಿಂತಿದೆ ಎಂದು ತಿಳಿದು ಆ ಮರದ ಬುಡದಲ್ಲಿ ಕೂತು ಅತ್ತ.

ಅತ್ತು ಮುಗಿದ ಮೇಲೆ ಮನೆಗೆ ಹೋಗಿ ಒಂದು ಜಾಗಟೆ ತಂದು ಹೊಂಗೆಯ ಕೊಂಬೆಗೆ ಕಟ್ಟಿದ. ಈ ಸಲ ಯಾರನ್ನೂ ನೋಡಲು ಕರೆಯಲಿಲ್ಲ. ಎಲ್ಲರೂ ಮನೆಯಲ್ಲೇ ಇರಿ ಎಂದ. ಜಾಗಟೆ ಬಡಿದು ಕೆಳಗೆ ನೋಡಿದ. ಮೊದಲು ಅಜ್ಜಿಯ ಅಂಗಳದಲ್ಲಿ ಒಂದು ಬಿಳಿಯ ಸೆರಗು ಆಡಿತು. ಆಮೇಲೆ ಮನೆಮನೆಯಿಂದ ಜನ ಹೊರಬಂದು ಕೈ ಬೀಸಿದರು.

ಮಳೆಗಾಲ ಮುಗಿಯುವವರೆಗೆ ಅವನು ಆ ಮರದಡಿ ಗುಡಿಸಲು ಹಾಕಿಕೊಂಡು ಉಳಿದ. ಹಾದುಹೋಗುವವರು, "ಆನೆಯಂಥ ಗಂಟೆ ಎರೆದವನು ಜಾಗಟೆ ಬಡಿಯೋಕೆ ಕೂತ" ಎಂದು ನಕ್ಕರು. ಅವನೂ ನಕ್ಕ. ಆದರೆ ಎದ್ದು ಹೋಗಲಿಲ್ಲ.

ಒಂದು ಮಧ್ಯಾಹ್ನ, ಕೆಳಗೆ ಹೊಳೆಯುವ ಬಿಸಿಲು, ಮರಳಿನಲ್ಲಿ ಮಕ್ಕಳು. ಅವನಿಗೆ ಗಂಟೆ ಕೇಳಿಸಿತು. ಜಾಗಟೆ ಬಡಿದ. ತಾಯಂದಿರು ಕೈಗೆ ಸಿಕ್ಕ ಮಕ್ಕಳನ್ನು, ತಮ್ಮದೋ ಪರರದೋ ನೋಡದೆ, ಎತ್ತಿಕೊಂಡು ಗುಡ್ಡ ಹತ್ತಿದರು. ಕೆಳಗೆ ಒಂದು ನೆರಳೂ ಅಲುಗದಂತಾಗುವವರೆಗೆ ಅವನು ಬಡಿದ. ಆಮೇಲೆ ಇಳಿದು ಓಡಿಹೋಗಿ, ಹೊಸ್ತಿಲಲ್ಲೇ ಕೂತಿದ್ದ ಅಜ್ಜಿಯನ್ನು ಬೆನ್ನ ಮೇಲೆ ಹೊತ್ತು ತಂದ. ಅವನ ಹಿಂದೆಯೇ ನೀರು ಬಿದಿರ ಮೆಳೆಯನ್ನು ನುಂಗಿತು.

ಗುಡ್ಡದ ಮೇಲೆ ಒಂದು ಎಳೆಗೂಸು ಹಸಿದು ಚೀರುತ್ತಿತ್ತು. ಅದರ ತಾಯಿ ಆಚೆ ದಡದ ಗದ್ದೆಗೆ ಹೋಗಿದ್ದಳು. ಅವಳೂ ಕ್ಷೇಮ, ಆದರೆ ನೀರು ಇಳಿಯುವವರೆಗೆ ಬರಲಾರಳು. ಅಜ್ಜಿ ಕೂಸನ್ನು ಮಡಿಲಿಗೆ ತೆಗೆದುಕೊಂಡಳು. ಯಾರೋ ಮೇಕೆಯ ಹಾಲು ಕರೆದು ಕೊಟ್ಟರು. ಅವಳ ಕೈ ಅಭ್ಯಾಸದಿಂದ ಸೆರಗಿನೊಳಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಅವಳು ಸೆರಗಿನ ತುದಿಯನ್ನೇ ಹಾಲಿನಲ್ಲಿ ಅದ್ದಿ ಕೂಸಿನ ಬಾಯಿಗಿಟ್ಟಳು. ಅದು ಚೀಪತೊಡಗಿತು, ಅಳು ನಿಂತಿತು.

ಅಳು ನಿಂತಾಗ ಅಲ್ಲಿ ಗಂಟೆ ಕೇಳಿಸಿತು. ಕಾವಲಿನವನು ಇನ್ನೂ ಬಾರಿಸುತ್ತಲೇ ಇದ್ದ. ಗುಡ್ಡ ಹತ್ತಲಾರದ ಅಜ್ಜಿ ಆ ಗಂಟೆಯನ್ನು ಅಲ್ಲಿಯವರೆಗೆ ಒಮ್ಮೆಯೂ ಕೇಳಿರಲಿಲ್ಲ. ಅವಳು ತಲೆಯೆತ್ತಿದಳು. ಬಹಳ ಹೊತ್ತು ಆಲಿಸಿದಳು.

"ಕೇಳಿಸ್ತು ಮಗಾ" ಅಂದಳು ಕಂಚುಗಾರನಿಗೆ. "ಅದರಲ್ಲಿ ನಂದೂ ಇದೆ."

ಗುರುಗಳು ಕತೆ ನಿಲ್ಲಿಸಿ ಮಡಿಲಿನ ಸಿಪ್ಪೆ ಕೊಡವಿದರು. ರುದ್ರೇಶ ಕಣ್ಣೊರೆಸಿಕೊಂಡ. ಆದರೂ ಓದಿದವನಲ್ಲವೇ, ಲೆಕ್ಕ ಚುಕ್ತಾ ಆಗದೆ ಬಿಡಲಾರ.

"ಹಾಗಾದರೆ ಗುರುಗಳೇ, ಆ ಗಂಟೆ ಮಾತು ಉಳಿಸಿಕೊಂಡ ಹಾಗಾಯಿತೇ, ಇಲ್ಲವೇ?"

ಗುರುಗಳು ಅವನ ತಲೆಯ ಮೇಲೆ ಕೈಯಿಟ್ಟು ಮೆಲ್ಲಗೆ ಕೇಳಿದರು:

"ನಿನ್ನ ಪೆಟ್ಟಿಗೆ ಮೂಕವಾದ ಊರಿನಲ್ಲಿ ಈಗ ಯಾರು ನಿಂತಿದ್ದಾರೆ, ಮಗು?"

ರುದ್ರೇಶ ಕೈಯಲ್ಲಿದ್ದ ಅವರೆಕಾಯಿಯನ್ನು ರಾಶಿಗೆ ಹಾಕಿ, ತನ್ನ ಬಟ್ಟೆಯ ಚೀಲ ತರಲು ಎದ್ದ.