ಕಲ್ಲು ಹೊರುವ ಮಾಳವ್ವ

ಲೆಕ್ಕ ಇಟ್ಟವರು ಯಾರೂ ಉಳಿದಿಲ್ಲ, ಅಷ್ಟು ಹಿಂದಿನ ಮಾತು. ಗುಡ್ಡದ ಬುಡದಲ್ಲಿ ಕರಿಗಲ್ಲೂರು ಅಂತ ಒಂದು ಊರಿತ್ತು. ಆ ಗುಡ್ಡದ ಕಲ್ಲು ಬೀಸುಕಲ್ಲಿಗೆ ಹೇಳಿ ಮಾಡಿಸಿದ ಹಾಗಿತ್ತಂತೆ. ಎಷ್ಟು ಬೀಸಿದರೂ ಹಿಟ್ಟಿನಲ್ಲಿ ಮರಳು ಬೀಳದು. ಸುತ್ತ ಹನ್ನೆರಡು ಹಳ್ಳಿಯ ಜೋಳ ಆ ಕಲ್ಲಿನಲ್ಲೇ ಹಿಟ್ಟಾಗುತ್ತಿತ್ತಂತೆ. ಆ ಊರಲ್ಲಿ ಭರಮಪ್ಪ ಅಂತ ಒಬ್ಬ ಕಲ್ಲುಕೆಲಸದವನು. ಹೆಂಡತಿ ಸಣ್ಣವ್ವ. ಅವರಿಗೆ ಒಬ್ಬಳೇ ಮಗಳು, ಮಾಳವ್ವ.

ಭರಮಪ್ಪ ಗುಡ್ಡದ ಮೇಲೆ ಕೂತು ಕಲ್ಲು ಕಡಿಯುವನು, ಮಾಳವ್ವ ಹೊತ್ತು ಕೆಳಗಿಳಿಸುವಳು. ಬಂಡಿ ಹೋಗದ ದಾರಿ ಅದು. ಹತ್ತು ವರ್ಷದವಳಿದ್ದಾಗ ತಲೆ ಮೇಲೆ ಸಿಂಬೆ ಇಟ್ಟುಕೊಂಡು ಬೀಸುಕಲ್ಲಿನ ಒಂದು ಹೋಳು ಹೊತ್ತಳಂತೆ. ಹದಿನೈದಕ್ಕೆ ಎರಡೂ ಹೋಳು. ಹದಿನೆಂಟಕ್ಕೆ ತಲೆ ಮೇಲೊಂದು ಜೋಡಿ, ಸೊಂಟದ ಮೇಲೆ ಇನ್ನೊಂದು ಹೋಳು. ಕೆಳಗೇರಿಯವರನ್ನು ಕೇಳಿದರೆ ಎರಡು ಜೋಡಿ ಅಂತಾರೆ, ಅದರ ಮೇಲೊಂದು ಆಡಿನ ಮರಿ ಕೂತಿರುತ್ತಿತ್ತು ಅಂತಲೂ ಅಂತಾರೆ. ಇರಬಹುದು. ಆದರೆ ಅವಳು ಹಾಡಿಕೊಂಡು ಇಳಿಯುತ್ತಿದ್ದಳು ಅನ್ನುವುದರಲ್ಲಿ ಯಾವ ಕೇರಿಯವರಿಗೂ ತಕರಾರಿಲ್ಲ.

ಹೊರುತ್ತ ಹೊರುತ್ತ ಅವಳ ಕುತ್ತಿಗೆ ಬಿಗಿಯಿತು, ಭುಜ ಅಗಲವಾಯಿತು, ತೋಳು ತುಂಬಿಕೊಂಡವು. ಅದು ಅವಳ ಗಮನಕ್ಕೇ ಬಂದಿರಲಿಲ್ಲವಂತೆ. ಊರಲ್ಲಿ ಕನ್ನಡಿ ಇದ್ದದ್ದು ಗೌಡರ ಮನೆಯಲ್ಲಿ ಮಾತ್ರ. ಅವಳಿಗೆ ಅವಳ ಮೈ ತೋರಿಸಿದ್ದು ಬಳೆಗಾರ.

ಪಂಚಮಿ ಹತ್ತಿರ ಬಂದಾಗ ಅಡಿವೆಯ್ಯ ಅನ್ನುವ ಬಳೆಗಾರ ಬಂದು ಗೌಡರ ಕಟ್ಟೆಯ ಮೇಲೆ ಬಳೆ ಪೋಣಿಸಿದ ಮಲಾರ ಬಿಚ್ಚಿದ. ಊರ ಹೆಣ್ಣುಮಕ್ಕಳೆಲ್ಲ ಸುತ್ತ ಕೂತರು. ಮಾಳವ್ವ ಹಸಿರು ಬಳೆ ಆರಿಸಿ ಕೈ ಚಾಚಿದಳು. ಅಡಿವೆಯ್ಯ ಅಂಗೈ ಒತ್ತಿ, ಬೆರಳು ಮಡಿಸಿ, ಎಣ್ಣೆ ಸವರಿ ನೋಡಿದ. ಬಳೆ ಒಡೆಯಿತು ಅನ್ನಬಾರದು, ಹೆಚ್ಚಿತು ಅನ್ನಬೇಕು. ಅವತ್ತು ಒಂದರ ಹಿಂದೆ ಒಂದು ಏಳು ಬಳೆ ಹೆಚ್ಚಿದವು. ಅಡಿವೆಯ್ಯ ಒಳ್ಳೆಯವನು, ಮುಂದಿನ ಸಲ ದೊಡ್ಡವು ತರುತ್ತೇನೆ ಅಂತ ತಗ್ಗಿದ ದನಿಯಲ್ಲಿ ಹೇಳಿದ. ಆದರೆ ಗೌಡರ ಸೊಸೆ ಕಲ್ಲವ್ವ ಎಲ್ಲರಿಗೂ ಕೇಳುವ ಹಾಗೆ ಅಂದಳು:

"ಹೋರಿ ಕೋಡಿಗೆ ಹಾಕೋ ಬಳಿ ತಾ ಅಡಿವೆಯ್ಯಾ. ಅವು ಆದಾವು ಈಕಿಗೆ."

ಎಲ್ಲರೂ ನಕ್ಕರು. ಜತೆಗೆ ಬಂದಿದ್ದ ಗೆಳತಿಯರೂ ನಕ್ಕರು. ಮಾಳವ್ವ ತಾನೂ ನಕ್ಕಳಂತೆ. ನಗುತ್ತಲೇ ಎದ್ದು, ಸೆರಗನ್ನು ಎರಡೂ ತೋಳಿನ ಮೇಲೆ ಎಳೆದುಕೊಂಡು ಮನೆಗೆ ಬಂದಳು. ಆಮೇಲೆ ಬೇಸಿಗೆಯಲ್ಲೂ ಆ ಸೆರಗು ಜಾರಲಿಲ್ಲ ಅಂತಾರೆ.

ಆ ವರ್ಷವೇ ಎರಡು ಊರಿನಿಂದ ವರನ ಕಡೆಯವರು ಬಂದು ನೋಡಿ ಹೋದರು. ಒಬ್ಬರು ಸುದ್ದಿಯನ್ನೇ ಕಳಿಸಲಿಲ್ಲ. ಇನ್ನೊಬ್ಬರು, ಹುಡುಗಿ ಗುಣವಂತೆ, ಆದರೆ ನಮ್ಮ ಹುಡುಗನ ಪಕ್ಕ ನಿಂತರೆ ಅವಳೇ ಗಂಡಿನ ಹಾಗೆ ಕಾಣುತ್ತಾಳೆ ಅಂತ ಹೇಳಿ ಕಳಿಸಿದರಂತೆ. ಸಣ್ಣವ್ವ ಮೂರು ದಿನ ನೀರಿಗೆ ಹೋಗಲಿಲ್ಲ, ಬಾವಿಕಟ್ಟೆಯಲ್ಲಿ ಏನು ಮಾತಾಡುತ್ತಾರೋ ಅಂತ. ನಾಲ್ಕನೇ ದಿನ ಮಗಳ ಸಿಂಬೆ ತೆಗೆದು ಒಲೆಗೆ ಹಾಕಿದಳು. ಇನ್ನು ಕಲ್ಲು ಮುಟ್ಟಬೇಡ ಅಂದಳು. ಮಾಳವ್ವ ಹೂಂ ಅಂದಳು.

ಅಲ್ಲಿಂದ ಮಾಳವ್ವ ಅರ್ಧ ರೊಟ್ಟಿ ಉಂಡು ಏಳತೊಡಗಿದಳು. ಭುಜ ಕಿರಿದಾಗಿ ಕಾಣಲಿ ಅಂತ ಬೆನ್ನು ಬಾಗಿಸಿ ನಡೆಯತೊಡಗಿದಳು. ಮುಖ ಸೊರಗಿತು, ಕಣ್ಣು ಒಳಗೆ ಹೋದವು. ತೋಳು ಮಾತ್ರ ಇದ್ದ ಹಾಗೇ ಇದ್ದವು. ಇತ್ತ ಭರಮಪ್ಪ ತಾನು ಕಡಿದ ಕಲ್ಲನ್ನು ತಾನೇ ಹೊತ್ತು ಇಳಿಯತೊಡಗಿದ. ಐವತ್ತು ದಾಟಿದ ಆಳು. ಸಂಜೆ ಬಂದು ಗೋಡೆಗೆ ಒರಗಿದರೆ ಅವನ ಉಸಿರು ಒಳಮನೆಗೂ ಕೇಳಿಸುತ್ತಿತ್ತಂತೆ. ಮಾಳವ್ವ ಒಲೆ ಮುಂದೆ ಕೂತು ಅದನ್ನು ಕೇಳಿಸಿಕೊಳ್ಳುವಳು. ಹೊತ್ತರೆ ಊರ ಮುಂದೆ ನಾಚಿಕೆ, ಹೊರದಿದ್ದರೆ ಅಪ್ಪನ ಮುಂದೆ ನಾಚಿಕೆ.

ಹೀಗೇ ಒಂದು ವರ್ಷ ಕಳೆಯಿತು. ಹೊಳೆಯಾಚೆಯ ಊರಿನಿಂದ ಮತ್ತೊಂದು ಕಡೆಯವರು ಬಂದರು. ಸಣ್ಣವ್ವ ಅವತ್ತು ಮಗಳ ತೋಳಿಗೆ ಭುಜದಿಂದ ಮೊಣಕೈವರೆಗೆ ಹಳೇ ಸೀರೆಯ ಪಟ್ಟಿ ಸುತ್ತಿ ಬಿಗಿದಳು, ತೋಳು ಸಣ್ಣದಾಗಿ ಕಾಣಲಿ ಅಂತ. ಅದರ ಮೇಲೆ ಉದ್ದ ತೋಳಿನ ಕುಪ್ಪಸ. ಬೆರಳ ತುದಿ ನೀಲಿಗಟ್ಟಿದವು. ಮಾಳವ್ವ ತಲೆ ತಗ್ಗಿಸಿ ಅಂಗಳದಲ್ಲಿ ಹಾಸಿದ ಚಾಪೆಯ ಮೇಲೆ ಕೂತಳು. ಭರಮಪ್ಪ ಮನೆಯಲ್ಲಿರಲಿಲ್ಲ. ಯಾರದೋ ಮದುವೆಗೆ ಬೀಸುಕಲ್ಲು ಕೊಡುವುದಿತ್ತು, ಊಟದ ಹೊತ್ತಿಗೆ ಇಳಿಸಿಕೊಂಡು ಬರುತ್ತೇನೆ ಅಂತ ಹೋಗಿದ್ದ.

ಬಂದವರು ಹುಡುಗಿಯ ಹೆಸರು ಕೇಳುತ್ತಿದ್ದರು. ಅಷ್ಟರಲ್ಲಿ ಕುರಿ ಕಾಯುವ ದುರುಗವ್ವ ಓಡಿಬಂದಳು. ಭರಮಪ್ಪ ಜಾರಿ ಎರಡು ಬಂಡೆಗಳ ಸಂದಿಗೆ ಬಿದ್ದಿದ್ದಾನೆ, ಮೇಲಿನಿಂದ ಉರುಳಿದ ಕಲ್ಲುಗುಂಡು ಅವನ ಕಾಲ ಮೇಲೆ ಕೂತಿದೆ ಅಂದಳು. ಅಕ್ಕಪಕ್ಕದ ಗಂಡಸರು ಓಡಿದರು. ವರನ ಅಣ್ಣತಮ್ಮಂದಿರೂ ಓಡಿದರು. ಮಾಳವ್ವ ಕೂತೇ ಇದ್ದಳು.

ಸ್ವಲ್ಪ ಹೊತ್ತಿಗೆ ನೆರೆಮನೆಯ ಬಸಲಿಂಗಪ್ಪ ಹಾರೆ ಒಯ್ಯಲು ವಾಪಸು ಬಂದ. ಸಂದಿ ಇಕ್ಕಟ್ಟಾಗಿದೆ, ಒಬ್ಬರಿಗಿಂತ ಹೆಚ್ಚು ಜನ ನಿಲ್ಲುವಂತಿಲ್ಲ, ಒಬ್ಬನಿಂದ ಅದು ಮಿಸುಕುವುದಿಲ್ಲ ಅಂತ ನೆಲ ನೋಡುತ್ತ ಹೇಳಿದ. ಮಾಳವ್ವನ ಕಡೆ ತಿರುಗಿ ನೋಡದೆ ಹಾರೆ ಹಿಡಿದು ಹೋದ. ಅದನ್ನು ಎತ್ತಬಲ್ಲವಳು ಯಾರು ಅಂತ ಅಂಗಳದಲ್ಲಿದ್ದ ಊರವರಿಗೆಲ್ಲ ಗೊತ್ತಿತ್ತು. ಸಣ್ಣವ್ವನಿಗೆ ಗೊತ್ತಿತ್ತು. ಸಣ್ಣವ್ವ ಬಂದ ಹೆಂಗಸರ ಮುಖ ನೋಡಿದಳು, ಮಗಳ ಮುಖ ನೋಡಲಿಲ್ಲ. ಮಾಳವ್ವ ಚಾಪೆಯ ಹೆಣಿಗೆ ನೋಡುತ್ತ ಕೂತಳು. ಎದ್ದರೆ ಇವರೆಲ್ಲ ನೋಡುತ್ತಾರೆ, ಈ ಸಂಬಂಧವೂ ಹೋಯಿತು ಅನ್ನುತ್ತಾರೆ ಅನ್ನುವುದೊಂದೇ ಅವಳ ತಲೆಯಲ್ಲಿ. ಇಷ್ಟು ಜನ ಹೋಗಿದ್ದಾರಲ್ಲ, ಹಾರೆ ಹಾಕಿ ಎತ್ತುತ್ತಾರೆ ಅಂತ ತನಗೆ ತಾನೇ ಹೇಳಿಕೊಂಡಳಂತೆ. ಎಷ್ಟು ಹೊತ್ತು ಹಾಗೆ ಕೂತಿದ್ದಳು? ಒಲೆ ಮೇಲಿದ್ದ ರೊಟ್ಟಿ ಸೀದು ಕರ್ರಗಾಗುವಷ್ಟು ಹೊತ್ತು ಅಂತಾರೆ.

ಆಗ ವರನ ಸೋದರತ್ತೆ, ಪಾಪ, ಏನೂ ಅರಿಯದವಳು, ಸಣ್ಣವ್ವನನ್ನು ಕೇಳಿದಳು:

"ಅಲ್ರವ್ವಾ, ಇಷ್ಟು ಕಲ್ಲು ಹೊರೋ ಊರು. ಅದನ್ನ ಎತ್ತೋರು ಒಬ್ಬರೂ ಇಲ್ಲೇನು ಇಲ್ಲಿ?"

ಆ ಮಾತನ್ನು ಮಾಳವ್ವನಿಗೆ ತಡೆದುಕೊಳ್ಳಲಾಗಲಿಲ್ಲ. ಎದ್ದಳು. ಗುಡ್ಡ ಹತ್ತುತ್ತ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಗಂಡಸರನ್ನು ಸರಿಸಿ ಸಂದಿಯೊಳಗೆ ಇಳಿದು, ಗುಂಡಿನ ಅಡಿಗೆ ಎರಡೂ ಕೈ ಕೊಟ್ಟು, ಮಂಡಿ ಮಡಚಿ ಎದ್ದಳು. ಕುಪ್ಪಸದ ತೋಳು ಹರಿದವು, ಒಳಗಿನ ಪಟ್ಟಿ ಹರಿದು ಜೋತುಬಿದ್ದವು. ಗುಂಡು ಎಮ್ಮೆಯಷ್ಟಿತ್ತು ಅನ್ನುವವರಿದ್ದಾರೆ, ಆನೆಮರಿಯಷ್ಟಿತ್ತು ಅನ್ನುವವರೂ ಇದ್ದಾರೆ. ಎಷ್ಟಾದರೂ ಇರಲಿ, ಎತ್ತಿದಳು. ಭರಮಪ್ಪನನ್ನು ಎಳೆದುಕೊಂಡರು.

ಜೀವ ಉಳಿಯಿತು. ನಾಟಿ ವೈದ್ಯ ಬಂದು ಕಾಲು ಹಿಡಿದು ನೋಡಿದ. ಮೂಳೆ ಕೂಡುತ್ತದೆ, ಪಾದ ಮಾತ್ರ ಸತ್ತುಹೋಗಿದೆ, ಇನ್ನೊಂದಿಷ್ಟು ಮುಂಚೆ ಎತ್ತಿದ್ದರೆ ಅದೂ ಉಳಿಯುತ್ತಿತ್ತು ಅಂದ. ಅವನಿಗೇನು ಗೊತ್ತು. ಮಾಳವ್ವ ಬಾಗಿಲ ಹಿಂದೆ ನಿಂತಿದ್ದಳು.

ಹೊಳೆಯಾಚೆಯವರು ಮತ್ತೆ ಬರಲಿಲ್ಲ. ಆದರೆ ಮಾಳವ್ವನ ಹೆಸರು ಹೊಳೆ ದಾಟಿ ಹೋಯಿತು. ದೂರದವರೆಲ್ಲ ಅವಳನ್ನು ನೋಡಲು ಬರತೊಡಗಿದರು. ಕಲ್ಲವ್ವ ತನ್ನ ಮಗುವನ್ನು ತಂದು, ನಿನ್ನ ಕೈ ಇದರ ತಲೆ ಮೇಲಿಡು ಅಂದಳಂತೆ. ಭರಮಪ್ಪನಂತೂ ಕೋಲೂರಿ ಕುಂಟುತ್ತ ಬಂದವರಿಗೆಲ್ಲ ಹೇಳುತ್ತಿದ್ದ: ಸುದ್ದಿ ಮುಟ್ಟಿದ್ದೇ ತಡ, ನನ್ನ ಮಗಳು ಹಾರಿಕೊಂಡು ಬಂದಳು. ಅದನ್ನು ಕೇಳಿದಾಗಲೆಲ್ಲ ಮಾಳವ್ವ ಹಿತ್ತಲಿಗೆ ಹೋಗಿಬಿಡುವಳು. ಬಳೆಗಾರನ ಮುಂದಿನ ನಗು ಇದರ ಮುಂದೆ ಏನೂ ಅಲ್ಲ ಅನ್ನಿಸುತ್ತಿತ್ತು ಅವಳಿಗೆ.

ಕೊನೆಗೆ ಒಂದು ದಿನ, ಅಪ್ಪನ ಸತ್ತ ಪಾದಕ್ಕೆ ಎಣ್ಣೆ ತಿಕ್ಕುತ್ತ, ತಲೆ ಎತ್ತದೆ ಹೇಳಿಬಿಟ್ಟಳು.

"ಅಪ್ಪಾ, ನಾ ಹಾರಿಕೊಂಡು ಬರಲಿಲ್ಲ. ಕೂತಿದ್ದೆ."

ಭರಮಪ್ಪ ಕೈಯಲ್ಲಿದ್ದ ಕೋಲನ್ನು ಗೋಡೆಗೆ ಒರಗಿಸಿದ.

"ಗೊತ್ತದ ಮಗಳ," ಅಂದ. "ಬಿದ್ದಲ್ಲಿಂದ ನಮ್ಮ ಅಂಗಳ ಕಾಣತಿತ್ತು. ಬಸಲಿಂಗಪ್ಪ ನಿನ್ನ ಕರೀತೀನಿ ಅಂದಿದ್ದ. ಬ್ಯಾಡ, ಬೀಗರು ನೋಡ್ತಾರ, ಹಾರೆ ತಾ ಅಂತ ನಾನೇ ಅಂದೆ."

ಮಾಳವ್ವ ಎಣ್ಣೆ ತಿಕ್ಕುತ್ತಲೇ ಇದ್ದಳು. ಮರುದಿನ ಹೊಸ ಸಿಂಬೆ ಸುತ್ತಿ, ತೋಳು ಬಿಟ್ಟುಕೊಂಡು ಗುಡ್ಡ ಹತ್ತಿದಳು. ಮುದುಕಿಯಾಗುವವರೆಗೂ ಕಲ್ಲು ಇಳಿಸಿದಳು. ಬಂಡಿ ಹೊಡೆಯುವ ಒಬ್ಬ ವಿಧುರ ಅವಳನ್ನು ಮದುವೆಯಾದ ಅಂತ ಕೆಲವರು ಅಂತಾರೆ, ಇಲ್ಲ ಅಂತ ಕೆಲವರು. ಒಂದು ಮಾತ್ರ ಎಲ್ಲರೂ ಒಪ್ಪುತ್ತಾರೆ. ಯಾರಾದರೂ ಗುಂಡು ಎತ್ತಿದ ಕತೆ ಹೇಳಲು ಶುರು ಮಾಡಿದರೆ ಅವಳು ತಡೆದು, ಮೊದಲು ಕೂತಿದ್ದನ್ನು ಹೇಳು ಅನ್ನುತ್ತಿದ್ದಳಂತೆ. ಅದಕ್ಕೇ ಈ ಕತೆ ಹೇಳುವವರು ಅದನ್ನು ಬಿಡುವುದಿಲ್ಲ.

ಕರಿಗಲ್ಲೂರಿನಲ್ಲಿ ಇವತ್ತಿಗೂ ಹೆಣ್ಣು ನೋಡಲು ಬಂದರೆ ಬಂದವರು ಕೂರುತ್ತಾರೆ, ಹುಡುಗಿ ನಿಂತಿರುತ್ತಾಳೆ. ತೋಳಿನ ಮೇಲೆ ಸೆರಗು ಹೊದಿಸುವುದಿಲ್ಲ. ಪರ ಊರಿನವರು ಇದೇನು ಪದ್ಧತಿ ಅಂತ ಕೇಳಿಯೇ ಕೇಳುತ್ತಾರೆ. ಆಗ ಮನೆಯ ಹಿರಿಯ ಹೆಂಗಸು, ನಮ್ಮಲ್ಲಿ ಹಿಂದೆ ಒಬ್ಬಾಕಿಯನ್ನು ಚಾಪೆ ಮೇಲೆ ಕೂಡಿಸಿದ್ದೆವು ಅಂತ ಹೇಳಿ, ನೀರು ತರುವ ನೆಪ ಮಾಡಿ ಒಳಗೆ ಹೋಗುತ್ತಾಳೆ.