ಹ್ಯಾಂಡಲಿಗೆ ನೇತುಬಿದ್ದ ಹೆಲ್ಮೆಟ್

ಆಯುಧಪೂಜೆಯ ಮರುದಿನ ನಚಿಕೇತ, ಪೂಜೆಯ ನಿಂಬೆಹಣ್ಣು ಕಟ್ಟಿದ್ದ ತನ್ನ ನಾಲ್ಕು ಚಕ್ರದ ಗುಡ್ಡಗಾಡು ಬೈಕಿನ ಹ್ಯಾಂಡಲಿಗೆ ಹೆಲ್ಮೆಟ್ಟನ್ನು ನೇತುಹಾಕಿ, ಒಬ್ಬರೇ ಕೂರಬೇಕಾದ ಸೀಟಿನಲ್ಲಿ ತಮ್ಮನನ್ನೂ ಹಿಂದೆ ಕೂರಿಸಿಕೊಂಡು ಅದನ್ನು ಗುಡ್ಡ ಹತ್ತಿಸಿದ.

“ಎಲಾ ಬೈಕೇ, ನಿಲ್ಲು! ನನ್ನ ಜಾಗ ಅವನ ತಲೆ,” ಎಂದು ಹೆಲ್ಮೆಟ್ ಗದರಿತು.

“ಬೀಳುವವರು ಎರಡು ಚಕ್ರದವರು. ನನಗೆ ನಾಲ್ಕಿವೆ, ಜೊತೆಗೆ ನಿಂಬೆಹಣ್ಣಿನ ಕಾವಲೂ ಇದೆ. ಸುಮ್ಮನೆ ತೂಗಾಡು, ಬೋಳುತಲೆ!” ಎಂದಿತು ಬೈಕು.

ಕಡಿದಾದ ಏರಿನಲ್ಲಿ ಹಿಂದೆ ಕೂತವನ ಭಾರಕ್ಕೆ ಮುಂದಿನ ಚಕ್ರಗಳು ಎದ್ದವು. ಬೈಕು ಮಗುಚಿತು. ತಮ್ಮ ಪೊದೆಯಲ್ಲಿ ಬಿದ್ದ. ನಚಿಕೇತನ ತಲೆ ಬಂಡೆಗೆ ಬಡಿಯಿತು.

ಅಂಗಾತ ಬಿದ್ದ ಬೈಕು ಹೆಲ್ಮೆಟ್ಟನ್ನು ಕೇಳಿತು: “ನಿನಗೇನೂ ಆಗಲಿಲ್ಲವೇ?”

“ಇಲ್ಲ!” ಹೆಲ್ಮೆಟ್ ಸಿಡುಕಿತು. “ನನ್ನ ಮೇಲೆ ಒಂದು ಗೀರೂ ಇಲ್ಲ, ನಿನ್ನ ನಿಂಬೆಹಣ್ಣೂ ಹಾಗೇ ಇದೆ. ಒಡೆಯಬೇಕಾದದ್ದು ನಾನು, ಒಡೆದದ್ದು ಅವನ ತಲೆ.”